ಸಹಿ ನಿಮ್ಮದಾದರೆ ಲೆಕ್ಕವೂ ನಿಮ್ಮದೇ

ಓದುಗರೊಬ್ಬರ ಪತ್ರ: "ಸಾಲದ ಅರ್ಜಿ ಪರಿಶೀಲಿಸುವ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೇನೆ. ಈಗ ಅರ್ಜಿಗಳಿಗೆ ಅಂಕ ಕೊಡುವುದು ಮಶೀನ್ ಲರ್ನಿಂಗ್ ಮಾಡೆಲ್, ಅಂದರೆ ಹಳೆಯ ಉದಾಹರಣೆಗಳಿಂದ ಕಲಿತ ಪ್ರೋಗ್ರಾಂ. ನಾನು ಸಹಿ ಹಾಕುತ್ತೇನೆ, ಅಷ್ಟೇ. ಜೊತೆಯವರೆಲ್ಲ ಆರು ವಾರದ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತರುತ್ತಿದ್ದಾರೆ. ನಾನೂ ಕಲಿಯಬೇಕೇ? ಅದರ ಹಿಂದಿನ ಗಣಿತವೂ ಬೇಕೇ, ಅಥವಾ ಯಾವ ಬಟನ್ ಒತ್ತಬೇಕೆಂದು ಗೊತ್ತಿದ್ದರೆ ಸಾಕೇ? ನನಗೀಗ 41. ಗಣಿತ ಮೊದಲಿನಿಂದಲೂ ಕಬ್ಬಿಣದ ಕಡಲೆ."

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ತಕರಾರಿರುವುದು ಒಂದೇ ಪದದ ಮೇಲೆ. "ಸಹಿ ಹಾಕುತ್ತೇನೆ, ಅಷ್ಟೇ" ಅಂದಿರಲ್ಲ, ಆ "ಅಷ್ಟೇ" ಮೇಲೆ. ನಾಳೆ ಆ ಸಾಲ ಮುಳುಗಿದರೆ ಮಾಡೆಲನ್ನು ಯಾರೂ ಕರೆದು ಕೂರಿಸಿ ಪ್ರಶ್ನೆ ಕೇಳುವುದಿಲ್ಲ. ನಿಮ್ಮನ್ನೇ ಕೇಳುತ್ತಾರೆ.

ಬೇಡ ಅನ್ನುವವರ ಮಾತನ್ನೂ ಹೇಳಿಬಿಡುತ್ತೇನೆ. ಬ್ಯಾಲೆನ್ಸ್ ಶೀಟ್ ಓದಲು ಬರುವುದು ದೊಡ್ಡ ವಿದ್ಯೆ. ಎಲ್ಲರೂ ಎಲ್ಲವನ್ನೂ ಕಲಿಯಲಾಗದು. ಗಾಡಿ ಓಡಿಸುವವನು ಎಂಜಿನ್ ಬಿಚ್ಚಬೇಕಾಗಿಲ್ಲ. ಸರಿ, ಒಪ್ಪೋಣ. ಆದರೆ ನೀವು ಗಾಡಿ ಓಡಿಸುವವರಲ್ಲ. "ಈ ಗಾಡಿ ರಸ್ತೆಗಿಳಿಯಬಹುದು" ಎಂದು ಬರೆದುಕೊಡುವವರು. ಅವರು ಬಾನೆಟ್ ಎತ್ತಿ ನೋಡಲೇಬೇಕು, ಅಲ್ವಾ?

ಒಂದು ಸಣ್ಣ ಲೆಕ್ಕ ಮಾಡೋಣ. ಪೆನ್ಸಿಲ್ ತಗೊಳ್ಳಿ. ಒಂದು ಲಕ್ಷ ವ್ಯವಹಾರಗಳಲ್ಲಿ 100 ಮೋಸದವು ಅಂದುಕೊಳ್ಳಿ. ಮೋಸವಿರಲಿ, ಸಾಚಾ ಇರಲಿ, ನೂರಕ್ಕೆ 99 ಸಲ ಸರಿಯಾಗಿ ಗುರುತಿಸುವ ಮಾಡೆಲ್ ಇದೆ ಎಂದು ಮಾರುವವರು ಬರುತ್ತಾರೆ. ಕೇಳಲು ಸೊಗಸಾಗಿದೆ. ಅದು 100 ಮೋಸಗಳಲ್ಲಿ 99 ಹಿಡಿಯಿತು. ಆದರೆ ಉಳಿದ 99,900 ಸಾಚಾ ವ್ಯವಹಾರಗಳಲ್ಲಿ ನೂರಕ್ಕೆ ಒಂದರಂತೆ 999ಕ್ಕೆ ಸುಮ್ನೆ ಗಂಟೆ ಬಾರಿಸಿತು. ಒಟ್ಟು 1,098 ಸಲ ಗಂಟೆ. ಅದರಲ್ಲಿ ನಿಜವಾದದ್ದು 99. ಅಂದರೆ ಹನ್ನೊಂದರಲ್ಲಿ ಒಂದು! ಇನ್ನೂ ತಮಾಷೆ ನೋಡಿ. "ಎಲ್ಲವೂ ಸಾಚಾ" ಎಂದು ಕಣ್ಣು ಮುಚ್ಚಿ ಹೇಳುವ ಮಾಡೆಲ್ ಇದ್ದರೆ ಅದು ನೂರಕ್ಕೆ 99.9 ಸರಿ. ಒಂದೂ ಮೋಸ ಹಿಡಿಯದೆ! ಈ ಲೆಕ್ಕದ ಹಿಂದಿರುವುದು ಥಾಮಸ್ ಬೇಯ್ಸ್ ಎಂಬ ಪಾದ್ರಿಯ ಯೋಚನೆ. ಅವರು ತೀರಿಕೊಂಡ ಮೇಲೆ, 1763ರಲ್ಲಿ, ಅಚ್ಚಾಯಿತು. ಗುಣಾಕಾರ ಭಾಗಾಕಾರ ಬಿಟ್ಟು ಇದರಲ್ಲಿ ಏನಿದೆ ಹೇಳಿ?

ಗೆಳೆಯನೊಬ್ಬ ಹೇಳಿದ ಕಥೆ. ಅವನ ಸಂಸ್ಥೆಯಲ್ಲಿ ಸಾಲ ಮುಳುಗುವುದನ್ನು ಮೊದಲೇ ಹೇಳುವ ಮಾಡೆಲ್ ಕಟ್ಟಿದರು. ಪರೀಕ್ಷೆಯಲ್ಲಿ ಅದು ತಪ್ಪೇ ಮಾಡುತ್ತಿರಲಿಲ್ಲ. ಎಲ್ಲರಿಗೂ ಖುಷಿಯೋ ಖುಷಿ. ವಸೂಲಿ ವಿಭಾಗದ ಹಳಬರೊಬ್ಬರು ಡೇಟಾದ ಕಾಲಂಗಳನ್ನು ಒಂದೊಂದಾಗಿ ಓದುತ್ತಾ ಹೋದರು. ಒಂದರಲ್ಲಿ "ಕಳಿಸಿದ ನೆನಪೋಲೆಗಳ ಸಂಖ್ಯೆ" ಎಂದಿತ್ತು. ಕಂತು ತಪ್ಪಿದ ಮೇಲೆ ತಾನೆ ನೆನಪೋಲೆ ಹೋಗುವುದು? ಮಾಡೆಲ್ ಭವಿಷ್ಯ ಹೇಳುತ್ತಿರಲಿಲ್ಲ, ಆಗಿಹೋದದ್ದನ್ನು ಓದಿ ಒಪ್ಪಿಸುತ್ತಿತ್ತು. ಅದನ್ನು ಹಿಡಿದದ್ದು ಕೋರ್ಸ್ ಮಾಡಿದವರಲ್ಲ, ನಿಮ್ಮಂಥವರು. ನಿಮ್ಮ ಹದಿನಾಲ್ಕು ವರ್ಷಕ್ಕೆ ಬೆಲೆ ಇರುವುದು ಇಲ್ಲಿ. ಅದಕ್ಕೆ ಒಂದಿಷ್ಟು ಗಣಿತ ಸೇರಿದರೆ ನಿಮ್ಮನ್ನು ಯಾಮಾರಿಸುವುದು ಕಷ್ಟ.

ಇದೆಲ್ಲ ಹೊರಗಿನಿಂದ ಬಂದು ವಕ್ಕರಿಸಿದ ವಿದ್ಯೆ ಎಂಬ ಧಾಟಿ ನಿಮ್ಮ ಪತ್ರದಲ್ಲಿದೆ. ಹಾಗೇನೂ ಇಲ್ಲ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 150 ಐರಿಸ್ ಹೂಗಳ ಅಳತೆ ಹಿಡಿದು, ಯಾವುದು ಯಾವ ಜಾತಿಯದು ಎಂದು ಬೇರ್ಪಡಿಸುವ ಸೂತ್ರ ಬರೆದರು. 1968ರಲ್ಲಿ ಹಣಕಾಸಿನ ಪ್ರಾಧ್ಯಾಪಕ ಎಡ್ವರ್ಡ್ ಆಲ್ಟ್‌ಮನ್ ಅದೇ ವಿಧಾನವನ್ನು ಕಂಪನಿಗಳ ಮೇಲೆ ಪ್ರಯೋಗಿಸಿದರು. ದಿವಾಳಿಯಾದ 33, ಆಗದ 33. ಹಣಕಾಸಿನ ಇಪ್ಪತ್ತೆರಡು ಅನುಪಾತ ತೂಗಿ ನೋಡಿ ಐದನ್ನು ಉಳಿಸಿಕೊಂಡರು. ಅದೇ ಕಂಪನಿ ದಿವಾಳಿಯಾಗುವ ಅಪಾಯ ಅಳೆಯಲು ಇವತ್ತಿಗೂ ನೀವು ಬಳಸುವ ಜ಼ೆಡ್ ಸ್ಕೋರ್. ಉದಾಹರಣೆ ಕೊಟ್ಟು ಯಂತ್ರಕ್ಕೆ ಕಲಿಸುವುದು ಅಂದರೆ ಮೂಲದಲ್ಲಿ ಇಷ್ಟೇ. ಹದಿನಾಲ್ಕು ವರ್ಷ ಅದರ ಜೊತೆ ಸಂಸಾರ ಮಾಡಿ, ಈಗ "ಯಾರಪ್ಪಾ ಇವರು" ಎಂದು ಕೇಳುತ್ತಿದ್ದೀರಿ!

ಗಣಿತ ಗೊತ್ತಿಲ್ಲದಿದ್ದರೆ ಏನಾದೀತು ಎಂದರೆ, ಅಮೆರಿಕದ ಬ್ಯಾಂಕ್ ಜೆಪಿ ಮಾರ್ಗನ್‌ನ 2012ರ ಪ್ರಕರಣ ನೆನಪಿಸಿಕೊಳ್ಳಿ. ಲಂಡನ್ ಕಚೇರಿಯ ವಹಿವಾಟಿನಲ್ಲಿ 600 ಕೋಟಿ ಡಾಲರಿಗೂ ಜಾಸ್ತಿ ಕೈಬಿಟ್ಟಿತು. ನಷ್ಟಕ್ಕೆ ಕಾರಣ ಹಲವು. ಆದರೆ ಅಪಾಯ ಅಳೆಯುವ ಅವರ ಹೊಸ ಮಾಡೆಲ್ ಓಡುತ್ತಿದ್ದದ್ದು ಸ್ಪ್ರೆಡ್‌ಶೀಟ್‌ಗಳ ಮೇಲೆ. ಅದರಲ್ಲೊಂದು ಕಡೆ ಎರಡು ದರಗಳ ಸರಾಸರಿಯಿಂದ ಭಾಗಿಸಬೇಕಿತ್ತು, ಮೊತ್ತದಿಂದ ಭಾಗಿಸಿದ್ದರು. ಅಪಾಯ ಇದ್ದದ್ದಕ್ಕಿಂತ ಕಡಿಮೆ ಕಂಡಿತು. ಬ್ಯಾಂಕೇ ಆಮೇಲೆ ತನ್ನ ವರದಿಯಲ್ಲಿ ಬರೆದುಕೊಂಡ ಮಾತಿದು. ಸರಾಸರಿ ಮತ್ತು ಮೊತ್ತ! ಶಾಲೆಯ ಹುಡುಗ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆವು.

ಇನ್ನು ಆ ಸರ್ಟಿಫಿಕೇಟ್‌ಗಳು. ನನಗೆ ಅವುಗಳ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನಾಲ್ಕು ಸಾಲು ಕೋಡ್ ನಕಲು ಮಾಡಿಸಿ, ಬಣ್ಣದ ಗ್ರಾಫ್ ತೋರಿಸಿ, "ಗಣಿತ ಬೇಕಿಲ್ಲ" ಎಂದು ದೊಡ್ಡಕ್ಷರದಲ್ಲಿ ಹಾಕುತ್ತಾರೆ. 500 ಷೇರುಗಳ 250 ದಿನದ ಬೆಲೆ ಕೊಟ್ಟು "ಯಾವುದಕ್ಕೆ ಎಷ್ಟು ದುಡ್ಡು ಹಾಕಲಿ, ಒಳ್ಳೆಯ ಹಂಚಿಕೆ ಹೇಳು" ಅಂದರೆ ಕೆಲವು ಪ್ರೋಗ್ರಾಂಗಳು ಹೇಳಿಯೂ ಬಿಡುತ್ತವೆ. ಆದರೆ ಷೇರುಗಳಿಗಿಂತ ದಿನಗಳು ಕಡಿಮೆ ಇದ್ದಾಗ ಅದಕ್ಕೆ ಬೇಕಾದ ಮ್ಯಾಟ್ರಿಕ್ಸಿನ, ಅಂದರೆ ಸಾಲು-ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಕೋಷ್ಟಕದ, ವಿಲೋಮ (ಇನ್ವರ್ಸ್) ತೆಗೆಯಲೇ ಆಗುವುದಿಲ್ಲ. ಬಂದ ಉತ್ತರ ಕಸ. ಇದನ್ನು ತಿಳಿಯಲು ಮ್ಯಾಟ್ರಿಕ್ಸ್ ಗೊತ್ತಿರಬೇಕು, ಬಟನ್ ಗೊತ್ತಿದ್ದರೆ ಸಾಲದು.

ತಪ್ಪು ಕೋರ್ಸಿನವರದ್ದಷ್ಟೇ ಅಲ್ಲ. ಓದು ಬರಹ ಬರುವುದಿಲ್ಲ ಎಂದು ಹೇಳಿಕೊಳ್ಳಲು ನಮಗೆ ನಾಚಿಕೆ. ಗಣಿತ ಬರುವುದಿಲ್ಲ ಎಂದು ಮಾತ್ರ ನಗುತ್ತಾ ಹೇಳುತ್ತೇವೆ. ನೀವೂ ಹಾಗೇ ಬರೆದಿದ್ದೀರಿ. ಪತ್ರಿಕೆಯವರಾದ ನಾವೇನು ಕಮ್ಮಿ? ಹಿಂದೊಮ್ಮೆ ಬಡ್ಡಿಯ ಲೇಖನವೊಂದರಲ್ಲಿ ಒಂದು ಸಮೀಕರಣವಿತ್ತು. "ತೆಗೆಯಿರಿ ಸಾರ್, ಓದುಗರು ಓಡಿಹೋಗುತ್ತಾರೆ" ಎಂದರು ಜೊತೆಯವರು. ಹಟ ಹಿಡಿದು ಹಾಕಿಸಿದೆ. ಯಾರೂ ಓಡಲಿಲ್ಲ. ಆರು ಪತ್ರ ಬಂದವು. ಆರರಲ್ಲೂ ಒಂದೇ ಮಾತು: ನಿಮ್ಮ ಸಮೀಕರಣದಲ್ಲಿ ಮೈನಸ್ ಬಿಟ್ಟುಹೋಗಿದೆ. ಬೈಸಿಕೊಂಡರೂ ಅಷ್ಟು ಸಂತೋಷ ನನಗೆ ಬೇರೆ ಯಾವ ಪತ್ರಗಳಿಂದಲೂ ಆಗಿಲ್ಲ.

ಏನು ಕಲಿಯಬೇಕು ಅಂತೀರಾ? ಸಂಭವನೀಯತೆ, ಮ್ಯಾಟ್ರಿಕ್ಸ್, ಸ್ವಲ್ಪ ಕ್ಯಾಲ್ಕುಲಸ್. ಪ್ರಮೇಯ ಸಾಧಿಸುವಷ್ಟು ಬೇಡ. ಆರು ವಾರದಲ್ಲಿ ಮುಗಿಯುವುದಿಲ್ಲ, ಒಂದು ವರ್ಷ ಇಟ್ಟುಕೊಳ್ಳಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವುದು ಆಮೇಲೆ. 41 ಒಂದು ವಯಸ್ಸೇ ಅಲ್ಲ.

ಮೊದಲು ಐದು ಹಳೆಯ ಅರ್ಜಿಗಳನ್ನು ತಗೊಳ್ಳಿ. ಹೆಸರು ತೆಗೆದು ಎರಡೇ ಕಾಲಂ ಬರೆದುಕೊಳ್ಳಿ: ಆದಾಯ, ಕೊಟ್ಟ ಸಾಲ. ಐದು ಚುಕ್ಕೆ ಇಟ್ಟು, ಅವುಗಳ ನಡುವೆ ಹಾದುಹೋಗುವ ಗೆರೆಯನ್ನು ಕೈಲೆಕ್ಕದಲ್ಲೇ ಹುಡುಕಿ: ಪ್ರತಿ ಚುಕ್ಕೆ ಗೆರೆಯಿಂದ ಮೇಲಕ್ಕೋ ಕೆಳಕ್ಕೋ ಎಷ್ಟು ದೂರವಿದೆಯೋ ಅದರ ವರ್ಗಗಳ ಮೊತ್ತ ಆದಷ್ಟು ಕಡಿಮೆ ಇರಬೇಕು. 1805ರಲ್ಲಿ ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ ಧೂಮಕೇತುಗಳ ದಾರಿ ಹುಡುಕುವಾಗ ಪ್ರಕಟಿಸಿದ ಲೀಸ್ಟ್ ಸ್ಕ್ವೇರ್ಸ್ ವಿಧಾನ ಅದು. ಒಂದು ಸಂಜೆಯ ಕೆಲಸ. ಮುಗಿದ ಮೇಲೆ ಆ ಹಾಳೆಯನ್ನು ನನಗೆ ಕಳಿಸಿ, ಕೆಂಪು ಪೆನ್ ಹಿಡಿದು ನಾನೇ ನೋಡುತ್ತೇನೆ. ಮೈನಸ್ ಮಾತ್ರ ಸ್ವಲ್ಪ ದಪ್ಪಗೆ ಬರೆಯಿರಿ.