ಆ ಸಾವಿರ ಕಿಲೋಮೀಟರ್ ಕಾರಿಗೆ ಕಾಯಬೇಕಾ?

ನಮಸ್ಕಾರ. ಮರ್ಸಿಡಿಸ್ ಕಂಪನಿಯ ಎಲೆಕ್ಟ್ರಿಕ್ ಕಾರು ವಿಷನ್ ಇಕ್ಯೂಎಕ್ಸ್‌ಎಕ್ಸ್ ಮಾರಾಟಕ್ಕೆ ಬರುತ್ತದಾ, ಶಿರಸಿಯಿಂದ ಬೆಂಗಳೂರು, ಕುಮಟಾ ಓಡಾಡಲು ಅದಕ್ಕೇ ಕಾಯಲಾ ಎಂದು ಕೇಳಿದ್ದೀರಿ. ಸುಮ್ನೆ ಕಾಯಬೇಡಿ. ಅದು ಪ್ರಯೋಗಕ್ಕೆಂದು ಮಾಡಿದ ಕಾನ್ಸೆಪ್ಟ್ ಕಾರು, ಶೋರೂಮಿಗೆ ಬರುವುದಲ್ಲ.

ಆದರೆ ನೀವು ಮರುಳಾಗಿದ್ದರಲ್ಲಿ ತಪ್ಪೇನಿಲ್ಲ, ನನಗೂ ಅದೆಂದರೆ ಬಹಳ ಇಷ್ಟ. 2022ರ ಏಪ್ರಿಲ್‌ನಲ್ಲಿ ಜರ್ಮನಿಯಿಂದ ಆಲ್ಪ್ಸ್ ದಾಟಿ ಫ್ರಾನ್ಸಿನ ಕಡಲತೀರದ ಕಾಸಿಸ್‌ವರೆಗೆ ಒಂದೇ ಚಾರ್ಜಿನಲ್ಲಿ 1,000 ಕಿ.ಮೀ.ಗೂ ಜಾಸ್ತಿ ಓಡಿತು. ದೊಡ್ಡ ಬ್ಯಾಟರಿ ತುಂಬಿ ಸಾಧಿಸಿದ್ದಲ್ಲ ಅದು. ಬ್ಯಾಟರಿ 100 ಯೂನಿಟ್ಟಿಗಿಂತ ಕಡಿಮೆ. ಗಾಳಿ ತಡೆಯದಂಥ ಆಕಾರ, ಹಗುರ ಮೈ, ಇವೇ ಮುಖ್ಯ ಕಾರಣ. 100 ಕಿ.ಮೀ.ಗೆ ಸುಮಾರು 8.7 ಯೂನಿಟ್ ಸಾಕಾಯಿತು. ನಮ್ಮ ಮನೆ ಮೀಟರಿನ ಯೂನಿಟ್ಟೇ ಇದು!

ಅಲ್ಲಿ ಕಲಿತದ್ದು ಮರ್ಸಿಡಿಸ್ಸಿನದೇ 2025ರ ಎಲೆಕ್ಟ್ರಿಕ್ ಕಾರು ಸಿಎಲ್‌ಎಗೆ ಬಂದಿದೆ. ಯುರೋಪಿನ ಪರೀಕ್ಷೆಯಲ್ಲಿ ಅದಕ್ಕೆ 792 ಕಿ.ಮೀ.ವರೆಗೆ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ. ನಿಮಗೆ ಬೆಂಗಳೂರು ಸುಮಾರು 400 ಕಿ.ಮೀ. ಅಲ್ವಾ, ಧಾರಾಳ ಸಾಕು.

ಕುಮಟಾ ದಾರಿಯ ದೇವಿಮನೆ ಘಟ್ಟಕ್ಕೆ ಹೆದರಬೇಡಿ. ಹತ್ತುವಾಗ ಚಾರ್ಜ್ ಬೇಗ ಇಳಿಯುತ್ತದೆ, ಇಳಿಯುವಾಗ ಮೋಟಾರೇ ಕರೆಂಟು ಹುಟ್ಟಿಸಿ ಸ್ವಲ್ಪ ವಾಪಸ್ ತುಂಬುತ್ತದೆ. ಕುಮಟೆಗೆ ಹೊರಡುವಾಗ ಮಾತ್ರ ಬ್ಯಾಟರಿ ಪೂರ್ತಿ ತುಂಬಿಸಬೇಡಿ, ತುಂಬಿದ ಬ್ಯಾಟರಿಗೆ ಆ ಕರೆಂಟು ಹಿಡಿಯುವುದಿಲ್ಲ.