ಕಾನೂನು ಇದ್ದರೂ ಇಂಗ್ಲೆಂಡಿನಲ್ಲಿ ಈಕ್ವಿಟಿ ಯಾಕೆ ಹುಟ್ಟಿತು?

ನೀವು ಕೇಳಿರುವುದು ಎರಡು ವಿಷಯ. ಇಂಗ್ಲೆಂಡಿನಲ್ಲಿ ಆಗಲೇ ಕಾನೂನು, ಕೋರ್ಟು ಎರಡೂ ಇದ್ದಾಗ ಈಕ್ವಿಟಿಗೆ, ಅಂದರೆ ಮನಸ್ಸಾಕ್ಷಿ ನೋಡಿ ಪರಿಹಾರ ಕೊಡುವ ನಿಯಮಗಳಿಗೆ, ಅಂತ ಇನ್ನೊಂದು ಕೋರ್ಟು ಯಾಕೆ ಬೇಕಾಯಿತು? ಮತ್ತೆ, ಜಡ್ಜ್‌ಗೆ ನ್ಯಾಯ ಅನ್ನಿಸಿದ್ದನ್ನು ಮಾಡುವ ಅಧಿಕಾರವೇ ಈಕ್ವಿಟಿಯಾ?

ಎರಡನೆಯದಕ್ಕೆ ಉತ್ತರ: ಅಲ್ಲ. ಆದರೆ ಆ ಅನುಮಾನ ಸಹಜ. ನಾನು ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಪ್ರತಿ ವರ್ಷ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಹೆಚ್ಚಿನವರು ಈಕ್ವಿಟಿಯ ಸೂತ್ರಗಳನ್ನು ಉರು ಹೊಡೆದು ಪರೀಕ್ಷೆ ದಾಟುತ್ತಾರೆ. ಸೂತ್ರ ಆಮೇಲೆ ಕಲಿಯಬಹುದು. ಈಕ್ವಿಟಿ ಕೈಹಾಕುವುದು ಮನುಷ್ಯನ ಮನಸ್ಸಾಕ್ಷಿಗೆ ಎಂಬುದು ಮೊದಲು ತಲೆಗೆ ಹೋಗಬೇಕು.

ಕಥೆ ಶುರುವಾಗುವುದು ರಿಟ್‌ನಿಂದ. ಹನ್ನೆರಡನೇ ಶತಮಾನದಲ್ಲಿ, ಎರಡನೇ ಹೆನ್ರಿಯ ಕಾಲದಲ್ಲಿ, ರಾಜನ ನ್ಯಾಯಾಧೀಶರು ಊರೂರು ಸುತ್ತಿ ತೀರ್ಪು ಕೊಡುತ್ತಿದ್ದರು. ಕಾಮನ್ ಲಾ, ಅಂದರೆ ಆ ತೀರ್ಪುಗಳಿಂದಲೇ ಕಟ್ಟಿದ ಕಾನೂನು, ಬೆಳೆದದ್ದು ಹಾಗೆ. ಆ ಕೋರ್ಟಿಗೆ ಹೋಗಲು ರಿಟ್ ಬೇಕು, ಅಂದರೆ ರಾಜಮುದ್ರೆ ಇರುವ ಆಜ್ಞಾಪತ್ರ. ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು. ಒಂದೊಂದು ಬಗೆಯ ದೂರಿಗೆ ಒಂದೊಂದು ರಿಟ್. ನಿಮ್ಮ ಕಷ್ಟ ಯಾವ ರಿಟ್‌ಗೂ ಹೊಂದದಿದ್ದರೆ ಸುಮ್ನೆ ಮನೆಗೆ ಹೋಗಬೇಕು. ಮೊದಲು ಹೊಸ ರಿಟ್‌ಗಳನ್ನು ಮಾಡಿಕೊಡುತ್ತಿದ್ದರು. ಹೊಸ ರಿಟ್ ಅಂದರೆ ಹೊಸ ಕಾನೂನೇ ಅಲ್ವಾ? ಹಾಗಾಗಿ ದೊಡ್ಡ ಜಮೀನ್ದಾರರಾದ ಬ್ಯಾರನ್‌ಗಳು ತಕರಾರು ತೆಗೆದರು. 1258ರ ಆಕ್ಸ್‌ಫರ್ಡ್ ಕಟ್ಟಳೆಗಳು ಇದಕ್ಕೆ ಕಡಿವಾಣ ಹಾಕಿದವು. 1285ರಲ್ಲಿ ಸ್ವಲ್ಪ ಸಡಿಲವಾಯಿತು, ಆದರೆ ಸಾಕಾಗಲಿಲ್ಲ. ಕೋರ್ಟು ಕೊಡುತ್ತಿದ್ದ ಪರಿಹಾರವೂ ಕಡಿಮೆ. ಹೆಚ್ಚಾಗಿ ಹಣ, ಇಲ್ಲದಿದ್ದರೆ ಜಮೀನಿನ ಸ್ವಾಧೀನ. "ಹೀಗೆ ಮಾಡಬೇಡ" ಎಂದು ಮೊದಲೇ ತಡೆಯುವುದು ಆ ಕೋರ್ಟುಗಳಿಗೆ ಒಗ್ಗಿರಲಿಲ್ಲ.

ದಾರಿ ಕಾಣದವರು ನೇರ ರಾಜನಿಗೇ ಅರ್ಜಿ ಬರೆದರು. ಅರ್ಜಿ ಜಾಸ್ತಿಯಾದಾಗ ರಾಜ ಅವನ್ನು ತನ್ನ ಮುದ್ರೆ ಇಟ್ಟುಕೊಂಡಿದ್ದ ಹಿರಿಯ ಅಧಿಕಾರಿ ಚಾನ್ಸಲರ್‌ಗೆ ದಾಟಿಸಿದ. ಆಗಿನ ಚಾನ್ಸಲರ್‌ಗಳಲ್ಲಿ ಹೆಚ್ಚಿನವರು ಬಿಷಪ್‌ಗಳು. ಪಾಪ, ಪ್ರಮಾಣ, ಕೊಟ್ಟ ಮಾತು ಇವೇ ಅವರ ಭಾಷೆ. ಅವರ ಮುಂದೆ ರಿಟ್ ಬೇಕಿರಲಿಲ್ಲ, ಎದುರಾಳಿಯನ್ನು ಕರೆಸಿ ಪ್ರಮಾಣ ಮಾಡಿಸಿ ಬಾಯಿ ಬಿಡಿಸುತ್ತಿದ್ದರು. ಇದೇ ಮುಂದೆ ಚಾನ್ಸರಿ ಕೋರ್ಟ್ ಆಯಿತು.

ಇಲ್ಲಿಗೆ ಬಂದ ದೂರುಗಳಲ್ಲಿ ನಂಬಿಕೆಯ ಜಮೀನಿನ ದೂರು ಬಹಳ ಮುಖ್ಯ. ಒಬ್ಬ ತನ್ನ ಭೂಮಿಯನ್ನು ಸ್ನೇಹಿತನ ಹೆಸರಿಗೆ ಮಾಡುತ್ತಾನೆ, "ಇದರ ಆದಾಯ ನನ್ನ ಹೆಂಡತಿ ಮಕ್ಕಳಿಗೆ ಕೊಡು" ಎಂಬ ಮಾತಿನ ಮೇಲೆ. ಫ್ರಾನ್ಸಿಸ್ಕನ್ ಸನ್ಯಾಸಿಗಳು ಆಸ್ತಿ ಇಟ್ಟುಕೊಳ್ಳುವಂತಿರಲಿಲ್ಲ, ಹಾಗಾಗಿ ಅವರ ಅನುಕೂಲಕ್ಕೂ ಬೇರೆಯವರ ಹೆಸರಿನಲ್ಲಿ ಭೂಮಿ ಇರುತ್ತಿತ್ತು. ರಾಜನಿಗೆ ಸಲ್ಲಬೇಕಾದ ಬಾಕಿ ತಪ್ಪಿಸಲು ಹೀಗೆ ಮಾಡಿದವರೂ ಇದ್ದರು. ಸ್ನೇಹಿತ ಮಾತಿಗೆ ತಪ್ಪಿದರೆ? ಕಾಮನ್ ಲಾ ಹೇಳುವುದು ಒಂದೇ: ಭೂಮಿ ಅವನ ಹೆಸರಿನಲ್ಲಿದೆ, ಅವನದೇ. ಚಾನ್ಸಲರ್ ಅದನ್ನು ಅಲ್ಲಗಳೆಯಲಿಲ್ಲ. ಒಡೆತನ ನಿನ್ನದೇ ಇರಲಿ, ಆದರೆ ನೀನು ಒಪ್ಪಿಕೊಂಡು ತೆಗೆದುಕೊಂಡಿದ್ದೀಯ, ಮಾತಿನಂತೆ ನಡಿ, ಇಲ್ಲದಿದ್ದರೆ ಜೈಲಿಗೆ ಹೋಗು ಎಂದರು. ಇವತ್ತಿನ ಟ್ರಸ್ಟ್ ಬೆಳೆದದ್ದು ಈ ಬೇರಿನಿಂದ. ತನಗೆ ನಷ್ಟ ಆಗುತ್ತಿದೆ ಎಂದು ಎಂಟನೇ ಹೆನ್ರಿ 1535ರಲ್ಲಿ ಇದನ್ನು ಮುರಿಯಲು ಕಾಯ್ದೆ ತಂದ. ವಕೀಲರು ಸಂದಿ ಹುಡುಕಿದರು, ಟ್ರಸ್ಟ್ ಉಳಿಯಿತು.

ಈಗ ನಿಮ್ಮ ಅನುಮಾನಕ್ಕೆ ಬರೋಣ. ಕಾನೂನಿನ ಪ್ರಕಾರ ಗೆದ್ದವನನ್ನು ಚಾನ್ಸಲರ್ ತಡೆದರೆ ಅದು ಕಾನೂನನ್ನು ಪಕ್ಕಕ್ಕೆ ತಳ್ಳಿದಂತೆ ಅಲ್ಲವೇ? ಕಾಮನ್ ಲಾ ಪರ ನಿಂತಿದ್ದ ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ಕೋಕ್ ಹಾಗೇ ವಾದಿಸಿದ. 1615ರ ಅರ್ಲ್ ಆಫ್ ಆಕ್ಸ್‌ಫರ್ಡ್ ಮೊಕದ್ದಮೆಯಲ್ಲಿ ಚಾನ್ಸಲರ್ ಎಲ್ಸ್‌ಮಿಯರ್ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ತೀರ್ಪಿನಲ್ಲಿ ತಪ್ಪಿದೆ ಎಂದು ನಾನು ಅದನ್ನು ತಡೆಯುತ್ತಿಲ್ಲ, ಅದನ್ನು ಗಳಿಸಿದವನ ಮನಸ್ಸಾಕ್ಷಿ ಕಲ್ಲಾಗಿದೆ, ಅದಕ್ಕೇ ತಡೆಯುತ್ತಿದ್ದೇನೆ ಎಂಬುದು ಅದರ ಸಾರ. ಜಗಳ ಮೊದಲನೇ ಜೇಮ್ಸ್ ರಾಜನವರೆಗೆ ಹೋಯಿತು. ತನ್ನ ಕಾನೂನು ಅಧಿಕಾರಿ ಫ್ರಾನ್ಸಿಸ್ ಬೇಕನ್ ಸಲಹೆ ಕೇಳಿ ರಾಜ 1616ರಲ್ಲಿ ಚಾನ್ಸರಿಯ ಪರ ನಿಂತ. ಅದೇ ವರ್ಷ ಕೋಕ್ ಹುದ್ದೆಯನ್ನೂ ಕಳೆದುಕೊಂಡ.

ಆದರೂ ಕಾಟ ನಿಲ್ಲಲಿಲ್ಲ. ಜಾನ್ ಸೆಲ್ಡನ್ ಎಂಬ ವಿದ್ವಾಂಸ, ಚಾನ್ಸಲರ್‌ನ ಪಾದವನ್ನೇ ಅಳತೆಗೋಲು ಮಾಡಿಕೊಂಡಂತೆ ಆಗಿದೆ ಇದು, ಒಬ್ಬನ ಪಾದ ಉದ್ದ, ಇನ್ನೊಬ್ಬನದು ಗಿಡ್ಡ ಎಂದ. ಆ ಮಾತು ಆ ಕಾಲಕ್ಕೆ ನಿಜವೇ. 1670ರ ದಶಕದಿಂದ ಲಾರ್ಡ್ ನಾಟಿಂಗ್‌ಹ್ಯಾಮ್, ಆಮೇಲೆ ಹಾರ್ಡ್‌ವಿಕ್, ಎಲ್ಡನ್ ಈ ಚಾನ್ಸಲರ್‌ಗಳೆಲ್ಲ ಹಿಂದಿನ ತೀರ್ಪುಗಳಿಗೆ ಬದ್ಧರಾಗಿ ಈಕ್ವಿಟಿಗೂ ಗಟ್ಟಿ ನಿಯಮ ಕಟ್ಟಿದರು. ಅದಕ್ಕೇ ನಾನು ಮೊದಲೇ "ಅಲ್ಲ" ಎಂದದ್ದು.

ಅಡಮಾನದ ನಿಯಮ ನೋಡಿ, ಈಕ್ವಿಟಿಯ ಗುಣ ಇಲ್ಲಿ ಪೂರ್ತಿ ಕಾಣುತ್ತದೆ. ಸಾಲಗಾರ ಜಮೀನನ್ನು ಸಾಲ ಕೊಟ್ಟವನ ಹೆಸರಿಗೇ ಬರೆದುಕೊಡುತ್ತಿದ್ದ. ಇಂಥ ದಿನ ಹಣ ಕಟ್ಟಿದರೆ ವಾಪಸ್. ಒಂದು ದಿನ ತಡವಾದರೂ ಕಾಮನ್ ಲಾ ಪ್ರಕಾರ ಜಮೀನು ಹೋಯಿತು, ಸಾಲ ಎಷ್ಟೇ ಚಿಕ್ಕದಿರಲಿ. ಚಾನ್ಸರಿ ಮೊದಮೊದಲು ಕಾಯಿಲೆ, ಮೋಸ ಇಂಥ ಕಾರಣ ಇದ್ದವರಿಗೆ ಮಾತ್ರ ನೆರವಾಯಿತು. ಹದಿನೇಳನೇ ಶತಮಾನದ ಹೊತ್ತಿಗೆ ಎಲ್ಲ ಸಾಲಗಾರರಿಗೂ ಆ ನೆರವು ಸಿಕ್ಕಿತು. ಕೊಟ್ಟವನಿಗೆ ಬೇಕಾದ್ದು ಅಸಲು, ಬಡ್ಡಿ. ಅದು ಸಿಕ್ಕಿದರೆ ಜಮೀನು ನುಂಗಲು ಅವನಿಗೆ ಯಾವ ನ್ಯಾಯವಿದೆ? ಜಮೀನು ಬಿಡಿಸಿಕೊಳ್ಳುವುದಕ್ಕೆ ಅಡ್ಡ ಬರುವ ಷರತ್ತನ್ನು ಸಾಲಗಾರ ತಾನೇ ಸಹಿ ಹಾಕಿ ಒಪ್ಪಿದ್ದರೂ ಕೋರ್ಟು ಮನ್ನಿಸುತ್ತಿರಲಿಲ್ಲ. ಕಷ್ಟದಲ್ಲಿರುವವನು ಏನು ಕೇಳಿದರೂ ಸಹಿ ಹಾಕುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ಹಾಗಂತ ಕೊಟ್ಟವನನ್ನು ನಡುನೀರಿನಲ್ಲಿ ಬಿಡಲಿಲ್ಲ. ಅವನು ಕೇಳಿದರೆ ಕೋರ್ಟೇ ಗಡುವು ಹಾಕುತ್ತಿತ್ತು, ಅದೂ ಮೀರಿದರೆ ಬಿಡಿಸಿಕೊಳ್ಳುವ ಹಕ್ಕು ಮುಗಿಯುತ್ತಿತ್ತು.

ಟ್ರಸ್ಟಿಯ ವಿಷಯದಲ್ಲಿ ಮಾತ್ರ ಈಕ್ವಿಟಿ ಬಹಳ ಕಠಿಣ. 1726ರ ಕೀಚ್ ವಿರುದ್ಧ ಸ್ಯಾಂಡ್‌ಫರ್ಡ್ ಮೊಕದ್ದಮೆ ನೋಡಿ. ರಾಮ್‌ಫರ್ಡ್ ಸಂತೆಯ ಆದಾಯದ ಗುತ್ತಿಗೆಯನ್ನು ಟ್ರಸ್ಟಿಯೊಬ್ಬ ಒಂದು ಮಗುವಿಗಾಗಿ ನೋಡಿಕೊಳ್ಳುತ್ತಿದ್ದ. ಅವಧಿ ಮುಗಿಯಿತು. ಮಗುವಿಗೆ ಗುತ್ತಿಗೆ ಮುಂದುವರಿಸುವುದಿಲ್ಲ ಎಂದ ಮಾಲೀಕ. ಟ್ರಸ್ಟಿ ತನ್ನ ಹೆಸರಿಗೆ ತೆಗೆದುಕೊಂಡ. ಮೋಸ ಏನೂ ಮಾಡಿರಲಿಲ್ಲ. ಆದರೂ ಚಾನ್ಸಲರ್ ಲಾರ್ಡ್ ಕಿಂಗ್ ಒಪ್ಪಲಿಲ್ಲ. ಊರಿನ ಯಾರು ಬೇಕಾದರೂ ಪಡೆಯಬಹುದಾಗಿದ್ದ ಗುತ್ತಿಗೆ ಅದು, ಟ್ರಸ್ಟಿ ಒಬ್ಬ ಮಾತ್ರ ಪಡೆಯುವಂತಿಲ್ಲ, ಲಾಭ ಪೂರ್ತಿ ಮಗುವಿಗೆ ಎಂದ. ಇಲ್ಲಿ ಸಡಿಲ ಬಿಟ್ಟರೆ ನಾಳೆ ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂಬ ಭಯ. ಕೆಲವು ವಿದ್ಯಾರ್ಥಿಗಳಿಗೆ ಇದು ಅತಿ ಅನ್ನಿಸುತ್ತದೆ. ನನಗೆ ಇದು ಸರಿ ಅನ್ನಿಸುತ್ತದೆ. ಆ ಮಗುವಿನ ಪರವಾಗಿ ಲೆಕ್ಕ ಕೇಳುವವರು ಬೇರೆ ಯಾರಿದ್ದರು?

ಈಕ್ವಿಟಿಯ ಆಜ್ಞೆ ಆಸ್ತಿಯ ಮೇಲಲ್ಲ, ಮನುಷ್ಯನ ಮೇಲೆ ಎಂಬ ಸೂತ್ರಕ್ಕೆ 1750ರ ಪೆನ್ ವಿರುದ್ಧ ಬಾಲ್ಟಿಮೋರ್ ಮೊಕದ್ದಮೆ ಉದಾಹರಣೆ. ಅಮೆರಿಕದ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಗಡಿ ಬಗ್ಗೆ ಎರಡು ಮನೆತನಗಳು ಕರಾರು ಮಾಡಿಕೊಂಡಿದ್ದವು. ಸಮುದ್ರದಾಚೆಯ ನೆಲದ ಮೇಲೆ ಲಂಡನ್ನಿನ ಕೋರ್ಟಿಗೆ ಏನು ಅಧಿಕಾರ? ನೆಲ ಅಲ್ಲಿದ್ದರೂ ಸಹಿ ಹಾಕಿದವನು ಇಲ್ಲಿದ್ದಾನೆ, ಕರಾರಿನಂತೆ ನಡೆಯಲಿ ಎಂದು ಹಾರ್ಡ್‌ವಿಕ್ ಆದೇಶಿಸಿದ.

"ಈಕ್ವಿಟಿ ಕೇಳಿ ಬರುವವನ ಕೈ ಶುದ್ಧವಾಗಿರಬೇಕು" ಎಂಬ ಸೂತ್ರ ನೀವು ಕೇಳಿರುತ್ತೀರಿ. ಅದರ ನೆರಳು 1965ರ ಒಂದು ಮೊಕದ್ದಮೆಯಲ್ಲೂ ಇದೆ. ಒಂದು ಚಿಕ್ಕ ಕಟ್ಟಡ ಸಂಸ್ಥೆಗೆ ರೀಸ್ ಎಂಬ ಗ್ರಾಹಕನಿಂದ 482 ಪೌಂಡ್ ಬರಬೇಕಿತ್ತು. ಸಂಸ್ಥೆ ದುಡ್ಡಿಲ್ಲದೆ ಒದ್ದಾಡುತ್ತಿದೆ ಎಂದು ತಿಳಿದು ಅವನ ಹೆಂಡತಿ, 300 ತೆಗೆದುಕೊಳ್ಳಿ, ಇಲ್ಲದಿದ್ದರೆ ಏನೂ ಇಲ್ಲ ಎಂದಳು. ಬೇರೆ ದಾರಿಯಿಲ್ಲದೆ ಒಪ್ಪಿದರು, ಆಮೇಲೆ ಬಾಕಿಗೆ ದಾವೆ ಹಾಕಿದರು. ಕಡಿಮೆಗೆ ಒಪ್ಪಿದವನು ಮಾತು ಬದಲಿಸಬಾರದು ಎಂಬ ಈಕ್ವಿಟಿ ನಿಯಮ ರೀಸ್‌ಗೆ ಸಿಗಲಿಲ್ಲ. ಕತ್ತು ಹಿಸುಕಿ ಪಡೆದ ಒಪ್ಪಿಗೆಗೆ ಈಕ್ವಿಟಿ ಕಾವಲು ನಿಲ್ಲುವುದಿಲ್ಲ ಎಂಬ ನಿಲುವು ನ್ಯಾಯಾಧೀಶ ಲಾರ್ಡ್ ಡೆನಿಂಗ್ ಅವರದು.

ಎರಡು ಕೋರ್ಟುಗಳ ಅಲೆದಾಟ 1873 ಮತ್ತು 1875ರ ಕಾಯ್ದೆಗಳಿಂದ ಮುಗಿಯಿತು. ಆಮೇಲೆ ಒಂದೇ ಕೋರ್ಟು ಎರಡನ್ನೂ ನಡೆಸುತ್ತದೆ. ಇವೆರಡಕ್ಕೂ ತಿಕ್ಕಾಟ ಬಂದರೆ ಈಕ್ವಿಟಿಯ ಮಾತೇ ನಡೆಯುತ್ತದೆ.

ನಮ್ಮಲ್ಲಿ ಇದು ಬರವಣಿಗೆಯ ಕಾಯ್ದೆಯಾಗಿ ಬಂದಿದೆ. 1882ರ ಟ್ರಸ್ಟ್ ಕಾಯ್ದೆ ಇದೆ. ಅದೇ ವರ್ಷದ ಆಸ್ತಿ ವರ್ಗಾವಣೆ ಕಾಯ್ದೆಯ 60ನೇ ಕಲಂ ಅಡವಿಟ್ಟವನಿಗೆ ಬಿಡಿಸಿಕೊಳ್ಳುವ ಹಕ್ಕು ಕೊಡುತ್ತದೆ. ಭೋಗ್ಯಕ್ಕೆ ಜಮೀನು ಹಾಕಿದ ರೈತನೂ ಅದರ ನೆರಳಲ್ಲೇ ನಿಂತಿದ್ದಾನೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ, ಕರಾರಿನಂತೆ ಕ್ರಯ ಮಾಡಿಸಿಕೊಡುವ ಆದೇಶ ಕೋರ್ಟಿನ ವಿವೇಚನೆಗೆ ಬಿಟ್ಟದ್ದಾಗಿತ್ತು. 2018ರ ತಿದ್ದುಪಡಿ ಆ ವಿವೇಚನೆಯನ್ನು ತೆಗೆದುಹಾಕಿದೆ. ಇದು ನನಗೆ ಬೇಸರದ ವಿಷಯ, ಯಾಕೆಂದರೆ ಮಾರುವವನಿಗೆ ವಿಪರೀತ ಕಷ್ಟ ಆಗುವ ಕಡೆ ಹಿಂದೆ ಜಡ್ಜ್ ಆದೇಶ ನಿರಾಕರಿಸಬಹುದಿತ್ತು. ಆದರೆ ಕರಾರಿನಲ್ಲಿ ತನ್ನ ಪಾಲಿನದನ್ನು ಮಾಡಿದ್ದೇನೆ, ಇಲ್ಲವೇ ಮಾಡಲು ಸದಾ ಸಿದ್ಧನಿದ್ದೆ ಎಂದು ದಾವೆ ಹಾಕಿದವನು ತೋರಿಸಲೇಬೇಕು ಎಂಬ ಅದೇ ಕಾಯ್ದೆಯ 16ನೇ ಕಲಂನ ನಿಯಮ ಇನ್ನೂ ಇದೆ. ಪರೀಕ್ಷೆಗೆ ಓದುತ್ತಿದ್ದರೆ ಆ ಕಲಂ ಅನ್ನು ಎಲ್ಸ್‌ಮಿಯರ್ ತೀರ್ಪಿನ ಜೊತೆ ಇಟ್ಟು ಓದಿ.