ಮಾತ್ರೆ ಒಂದು, ಒಳಗಿರುವ ಔಷಧ ಮೂರು

ಪ್ರಶ್ನೆ: ನನಗೆ 58 ವರ್ಷ. ಬಿ.ಪಿ.ಗೆಂದು ಟೆಲ್ಮಿಸಾರ್ಟಾನ್ 40 ಮತ್ತು ಅಮ್ಲೋಡಿಪಿನ್ 5 ಎಂಬ ಎರಡು ಮಾತ್ರೆಗಳನ್ನು ಆರು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೆ. ಒತ್ತಡ 150ಕ್ಕಿಂತ ಕೆಳಗೆ ಬಾರದಿದ್ದುದರಿಂದ ಹೋದ ತಿಂಗಳು ವೈದ್ಯರು ಅವೆರಡರೊಂದಿಗೆ ಹೈಡ್ರೋಕ್ಲೋರೋಥಯಾಜೈಡ್ 12.5 ಸೇರಿರುವ ಒಂದೇ ಮಾತ್ರೆಯನ್ನು ಬರೆದುಕೊಟ್ಟರು. ಈಗ 126/78 ಇದೆ. ಮೂರು ಔಷಧ ಒಟ್ಟಿಗೆ ನುಂಗಿದರೆ ದೇಹಕ್ಕೆ ಹೆಚ್ಚಾಗುವುದಿಲ್ಲವೇ? ಇನ್ನು ಅರ್ಧ ಮಾತ್ರೆ ಸಾಲದೇ? ಹಳೆಯ ಮಾತ್ರೆಗಳು ಉಳಿದಿವೆ, ಅವನ್ನೂ ಮುಗಿಸಬಹುದೇ? ಮಂಡಿನೋವಿಗೆ ಆಗಾಗ ನೋವಿನ ಮಾತ್ರೆ ತೆಗೆದುಕೊಳ್ಳುತ್ತೇನೆ. ಸಂಜೆಯಾದರೆ ಪಾದದ ಗಂಟಿನ ಬಳಿ ಊದಿಕೊಳ್ಳುತ್ತದೆ.

ಉತ್ತರ: ನೀವು ಮೂರನೆಯದಾಗಿ ಕೇಳಿದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಇಂದೇ ತಿಳಿದಿರಬೇಕಾದ ವಿಷಯ. ಹಳೆಯ ಮಾತ್ರೆಗಳನ್ನು ಹೊಸದರ ಜೊತೆ ತೆಗೆದುಕೊಳ್ಳಲೇಬೇಡಿ. ಹೊಸ ಮಾತ್ರೆಯೊಳಗೆ ಅವೆರಡೂ ಇರುವುದರಿಂದ ನಿಮಗೆ ಟೆಲ್ಮಿಸಾರ್ಟಾನ್ 80, ಅಮ್ಲೋಡಿಪಿನ್ 10 ಮಿಲಿಗ್ರಾಂ ಸೇರಿದಂತಾಗುತ್ತದೆ. ಒತ್ತಡ ಇದ್ದಕ್ಕಿದ್ದಂತೆ ಕುಸಿದು, ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟಿ ಬೀಳುವ ಸಂಭವವಿದೆ. ಸಂಯುಕ್ತ ಮಾತ್ರೆಗಳಲ್ಲಿ ನಾನು ಕಾಣುವ ನಿಜವಾದ ಅಪಾಯ ಔಷಧಗಳ ಸಂಖ್ಯೆಯದ್ದಲ್ಲ, ಒಳಗೆ ಏನಿದೆ ಎಂಬುದು ಮರೆತುಹೋಗುವುದರದ್ದು. ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣಕ್ಷರದಲ್ಲಿ ಔಷಧಗಳ ಹೆಸರು ಮತ್ತು ಪ್ರಮಾಣ ಇರುತ್ತವೆ. ಕಂಪನಿಯ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿದರೂ ಒಳಗಿರುವ ಔಷಧ ಬೇರೆಯಾಗಬಹುದು. ಆದ್ದರಿಂದ ಆ ಸಣ್ಣಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಪ್ರತಿ ಸಲ ಹೊಸ ಸ್ಟ್ರಿಪ್ ಕೈಗೆ ಬಂದಾಗ ಹೋಲಿಸಿ ನೋಡಿ.

ಮೂರು ಔಷಧಗಳೆಂದು ಹೆದರಬೇಕಿಲ್ಲ. ಒಂದೇ ಔಷಧದ ಪ್ರಮಾಣವನ್ನು ಏರಿಸುತ್ತ ಹೋಗುವುದಕ್ಕಿಂತ, ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಔಷಧಗಳನ್ನು ಕಡಿಮೆ ಪ್ರಮಾಣದಲ್ಲಿ ಸೇರಿಸಿದರೆ ಒತ್ತಡ ಹೆಚ್ಚು ಇಳಿಯುತ್ತದೆ, ಅಡ್ಡಪರಿಣಾಮವೂ ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಅಮ್ಲೋಡಿಪಿನ್ ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ, ಟೆಲ್ಮಿಸಾರ್ಟಾನ್ ನಾಳಗಳನ್ನು ಬಿಗಿಗೊಳಿಸುವ ಹಾರ್ಮೋನನ್ನು ತಡೆಯುತ್ತದೆ, ಮೂರನೆಯದು ಉಪ್ಪು ಮತ್ತು ನೀರನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಟೆಲ್ಮಿಸಾರ್ಟಾನ್ ರಕ್ತದ ಪೊಟ್ಯಾಸಿಯಂ ಏರಿಸುವ ಸ್ವಭಾವದ್ದು, ಹೈಡ್ರೋಕ್ಲೋರೋಥಯಾಜೈಡ್ ಇಳಿಸುವ ಸ್ವಭಾವದ್ದು. ಜೊತೆಯಲ್ಲಿದ್ದಾಗ ಒಂದರ ದೋಷವನ್ನು ಇನ್ನೊಂದು ಅಷ್ಟಿಷ್ಟು ಸರಿದೂಗಿಸುತ್ತದೆ. ಹಾಗೆಂದು ಪರೀಕ್ಷೆ ಬಿಡುವಂತಿಲ್ಲ. ಹೊಸ ಮಾತ್ರೆ ಶುರುವಾಗಿ ಒಂದು ತಿಂಗಳಾಗಿರುವುದರಿಂದ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನು ತೋರಿಸುವ ಅಂಶ), ಸೋಡಿಯಂ ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಿರದಿದ್ದರೆ ಈಗಲೇ ಮಾಡಿಸಿ. ಸೋಡಿಯಂ ಕಡಿಮೆ ಎಂದು ಮಾರಾಟವಾಗುವ ಉಪ್ಪಿನಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಇರುತ್ತದೆ. ವೈದ್ಯರನ್ನು ಕೇಳದೆ ಅದನ್ನು ಬಳಸಬೇಡಿ.

126/78 ಎಂಬುದು ಮಾತ್ರೆ ಕೆಲಸ ಮಾಡುತ್ತಿರುವುದರ ಗುರುತೇ ಹೊರತು ಮಾತ್ರೆ ಬೇಡವಾಗಿರುವುದರ ಗುರುತಲ್ಲ. ನೀವಾಗಿಯೇ ಅರ್ಧ ಮಾಡಿಕೊಳ್ಳಬೇಡಿ. ಇಂಥ ಕೆಲವು ಮಾತ್ರೆಗಳಲ್ಲಿ ಔಷಧಗಳು ಎರಡು ಪದರಗಳಲ್ಲಿರುತ್ತವೆ, ಮುರಿದಾಗ ಎರಡು ತುಂಡುಗಳಲ್ಲಿಯೂ ಸಮಪಾಲು ಬರುತ್ತದೆಂಬ ಭರವಸೆಯಿಲ್ಲ. ತಲೆ ಹಗುರಾಗುವುದು, ಮೇಲಿನ ಸಂಖ್ಯೆ 110ಕ್ಕಿಂತ ಕೆಳಗಿಳಿಯುವುದು ಪದೇ ಪದೇ ಆಗುತ್ತಿದ್ದರೆ ಪ್ರಮಾಣ ಕಡಿಮೆ ಮಾಡುವುದನ್ನು ವೈದ್ಯರೇ ನಿರ್ಧರಿಸುತ್ತಾರೆ. ಅವರಿಗೆ ತೋರಿಸಲು ಒಂದು ವಾರದ ಲೆಕ್ಕ ಬರೆದಿಡಿ: ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ.

ನನಗೆ ಚಿಂತೆಯಾಗಿರುವುದು ನಿಮ್ಮ ಮಂಡಿನೋವಿನ ಮಾತ್ರೆಯ ಬಗ್ಗೆ. ಅದರ ಹೆಸರನ್ನು ನೀವು ಬರೆದಿಲ್ಲ. ಹೆಚ್ಚಿನವರು ಬರೆಯುವುದೂ ಇಲ್ಲ, ಏಕೆಂದರೆ ಅದನ್ನು ಯಾರೂ ಔಷಧವೆಂದೇ ಲೆಕ್ಕಕ್ಕಿಡುವುದಿಲ್ಲ. ಅದು ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥದ್ದಾಗಿದ್ದರೆ ಒತ್ತಡವನ್ನು ಏರಿಸುತ್ತದೆ. ನಿಮ್ಮ ಒತ್ತಡ ಇಷ್ಟು ವರ್ಷ ಇಳಿಯದಿದ್ದುದಕ್ಕೆ ಅದೂ ಒಂದು ಕಾರಣವಾಗಿರಬಹುದು. ಅದಕ್ಕಿಂತ ಮುಖ್ಯವಾಗಿ, ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಔಷಧ ಮತ್ತು ಈ ಬಗೆಯ ನೋವಿನ ಮಾತ್ರೆ ಮೂರೂ ಕೂಡಿದಾಗ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಪ್ಯಾರಾಸಿಟಮಾಲ್ ಆಗುತ್ತದೆಯೇ, ಎಷ್ಟು ತೆಗೆದುಕೊಳ್ಳಬೇಕು ಎಂದು ವೈದ್ಯರನ್ನು ಕೇಳಿ. ವಾಂತಿ ಭೇದಿಯಾಗಿ ಮೈಯ ನೀರು ಬತ್ತಿದಾಗಲೂ ಇದೇ ಅಪಾಯವಿದೆ. ಬಿಡಿ ಮಾತ್ರೆಗಳಾಗಿದ್ದರೆ ಒಂದೆರಡನ್ನು ಕೆಲವು ದಿನ ನಿಲ್ಲಿಸಬಹುದು, ಸಂಯುಕ್ತ ಮಾತ್ರೆಯಿಂದ ಒಂದನ್ನಷ್ಟೇ ತೆಗೆಯಲಾಗದು. ಆದ್ದರಿಂದ ಅಂಥ ದಿನಗಳಲ್ಲಿ ಏನು ಮಾಡಬೇಕೆಂಬುದನ್ನು ಆರೋಗ್ಯವಾಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಪಾದದ ಊತ ಬಹುಮಟ್ಟಿಗೆ ಅಮ್ಲೋಡಿಪಿನ್‌ನದ್ದು, ಬೆಳಿಗ್ಗೆ ಇಳಿದು ಸಂಜೆ ಮೂಡುವುದು ಅದರ ರೀತಿ. ಒಂದೇ ಕಾಲು ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ತೋರಿಸಿ. ತುಟಿ, ನಾಲಿಗೆ ಅಥವಾ ಮುಖ ಊದಿದರೆ ನೇರವಾಗಿ ಆಸ್ಪತ್ರೆಗೆ ಹೋಗಿ. ನಿಮ್ಮ ಮಾತ್ರೆಯನ್ನು ಮನೆಯ ಬೇರೆಯವರಿಗೆ ಕೊಡಬೇಡಿ; ಗರ್ಭಿಣಿಯರಿಗಂತೂ ಟೆಲ್ಮಿಸಾರ್ಟಾನ್ ಸಲ್ಲದು, ಅದು ಮಗುವಿಗೆ ಹಾನಿ ಮಾಡುತ್ತದೆ.

ಪ್ರಶ್ನೆ: ನಾನೂ ಇದೇ ಮಾತ್ರೆ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಮರೆತರೆ ಏನು ಮಾಡಬೇಕು? ಮರೆಯದಿರಲೆಂದು ವಾರದ ಡಬ್ಬಿಗೆ ತುಂಬಿಡಬಹುದೇ?

ಉತ್ತರ: ಹಗಲಿನಲ್ಲಿ ನೆನಪಾದರೆ ಆಗಲೇ ತೆಗೆದುಕೊಳ್ಳಿ. ರಾತ್ರಿ ನೆನಪಾದರೆ ಬಿಟ್ಟುಬಿಡಿ, ಇಲ್ಲವಾದರೆ ಮೂತ್ರಕ್ಕೆ ಏಳುತ್ತಲೇ ನಿದ್ದೆ ಕೆಡುತ್ತದೆ. ಮರುದಿನ ಎಂದಿನಂತೆ ಒಂದೇ ಮಾತ್ರೆ, ಎರಡಲ್ಲ. ಡಬ್ಬಿಯ ವಿಷಯದಲ್ಲಿ ಒಂದು ತೊಡಕಿದೆ: ಟೆಲ್ಮಿಸಾರ್ಟಾನ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಈ ಮಾತ್ರೆಯನ್ನು ನುಂಗುವ ಹೊತ್ತಿಗಷ್ಟೇ ಹಾಳೆಯಿಂದ ಬಿಡಿಸಬೇಕು. ಸ್ಟ್ರಿಪ್ಪನ್ನು ಕತ್ತರಿಯಿಂದ ಒಂದೊಂದೇ ಮಾತ್ರೆಯಾಗಿ, ಹಾಳೆಯ ಸಮೇತ ಕತ್ತರಿಸಿ ಡಬ್ಬಿಯ ಮನೆಗಳಲ್ಲಿಡಿ. ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವ ತುದಿಯನ್ನು ಕೊನೆಯ ಮಾತ್ರೆ ಮುಗಿಯುವವರೆಗೆ ಎಸೆಯಬೇಡಿ.